ಗಾಳಿರಾಯ ಕಸಿಯಲಾರದ ಕಮಾನು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ನದಿಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಲೋಕ ಅಷ್ಟು ಹೊಸದಾಗಿದ್ದಾಗ ಚೀನಾ ದೇಶದ ಒಂದು ಹೊಳೆಯ ದಂಡೆಯಲ್ಲಿ ಸುಯಿನ್ ಎಂಬ ತಾಯಿ ಇದ್ದಳು. ಅವಳಿಗೆ ಲಿಯೆನ್ ಎಂಬ ಒಬ್ಬಳೇ ಮಗಳು.

ಆಗ ಗಾಳಿರಾಯನಿಗೆ ಬಹಳ ಜಂಬ. "ಆಕಾಶದ ಕೆಳಗೆ ಹಾಡುವವನು ನಾನೊಬ್ಬನೇ. ಬೇರೆ ಯಾರು ಹಾಡಿದರೂ ದನಿ ಕಿತ್ತುಕೊಳ್ಳುತ್ತೇನೆ" ಎಂದು ಸಾರಿದ. ಹಕ್ಕಿಗಳು ಕೊಕ್ಕು ಮುಚ್ಚಿದವು. ಕಪ್ಪೆಗಳು ಕೆಸರಿನಲ್ಲಿ ಹೂತುಕೊಂಡವು. ತಾಯಂದಿರು ಜೋಗುಳವನ್ನೂ ಪಿಸುಗುಟ್ಟಿದರು.

ಲಿಯೆನ್‌ಳ ಮದುವೆ ಬಂತು. ತಾಯಿ ಹಾಡಿ ಕಳಿಸಿದ ಮೇಲೆಯೇ ಮಗಳು ಮೇನೆ ಹತ್ತಬೇಕು, ಅದು ಆ ಊರಿನ ಪದ್ಧತಿ. ಹಾಡಿಲ್ಲದೆ ಹೋದವಳಿಗೆ ತವರಿನ ದಾರಿಯೇ ಮರೆತುಹೋಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

"ಸುಮ್ಮನೆ ತಲೆ ಸವರಿ ಕಳಿಸೇ" ಎಂದಳು ನೆರೆಮನೆಯ ಅಜ್ಜಿ. "ಗಾಳಿಯ ಜೊತೆ ಯಾಕೆ ಜಗಳ?"

"ಮಗಳು ನನ್ನವಳು. ಹಾಡು ನಮ್ಮಮ್ಮನದು. ನಡುವೆ ಅವನದೇನು ಯಜಮಾನಿಕೆ?" ಎಂದು ಸುಯಿನ್ ಅಂಗಳದಲ್ಲಿ ನಿಂತು ಹಾಡತೊಡಗಿದಳು.

ಮೊದಲ ಸಾಲು ಮುಗಿಯುವಷ್ಟರಲ್ಲಿ ಗಾಳಿರಾಯ ಬಂದ, ದನಿ ಕಿತ್ತುಕೊಂಡ. ಸುಯಿನ್ ಬಾಯಿ ತೆರೆದರೆ ಏನೂ ಹೊರಡಲಿಲ್ಲ.

ಲಿಯೆನ್ ಮೇನೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಅಮ್ಮನ ಹಾಡು ಮುಗಿಯದೆ ನಾನು ಏಳುವವಳಲ್ಲ. ದಿಬ್ಬಣದವರು ಬೇಕಾದರೆ ಇಲ್ಲೇ ಒಲೆ ಹೂಡಿಕೊಳ್ಳಲಿ!"

ಸುಯಿನ್ ಅಳಲಿಲ್ಲ. ಅಂಗಿಯ ತೋಳು ಮಡಚಿ ಕಾಡಿಗೆ ನಡೆದಳು. ಅಲ್ಲಿದ್ದವರನ್ನೆಲ್ಲ ಸನ್ನೆಯಲ್ಲೇ ಸಹಾಯ ಕೇಳಿದಳು. ಮರ ಒಂದು ಪೊಳ್ಳು ತುಂಡನ್ನೂ ಉದ್ದನೆಯ ಕೋಲನ್ನೂ ಕೊಟ್ಟಿತು. ರೇಷ್ಮೆಹುಳು ಎರಡು ಎಳೆ ಕೊಟ್ಟಿತು. ಹೆಬ್ಬಾವು ತನ್ನ ಪೊರೆ ಕೊಟ್ಟು, "ನನಗೂ ಅವನ ಮೇಲೆ ಸಿಟ್ಟಿದೆ ತಂಗಿ, ಬಿಗಿಯಾಗಿ ಕಟ್ಟು" ಎಂದಿತು.

ಕುದುರೆ ಮಾತ್ರ ಗೊಣಗಿತು. "ಬಾಲ ಮುಟ್ಟಿದವರನ್ನು ಒದೆಯುವುದು ನನ್ನ ಅಭ್ಯಾಸ. ಇವತ್ತೊಂದು ದಿನ ಒದೆಯುವುದಿಲ್ಲ, ಬೇಗ ಕೂದಲು ಕಿತ್ತುಕೋ."

ಅಂಗಳಕ್ಕೆ ಮರಳಿ, ಪೊಳ್ಳು ತುಂಡಿಗೆ ಪೊರೆ ಹೊದಿಸಿ, ಅದಕ್ಕೆ ಕೋಲು ಸಿಕ್ಕಿಸಿ, ರೇಷ್ಮೆಯ ಎರಡು ಎಳೆಗಳನ್ನು ತಂತಿಯಾಗಿ ಬಿಗಿದು, ಕಡ್ಡಿಗೆ ಬಾಲದ ಕೂದಲು ಕಟ್ಟಿದ ಕಮಾನಿನಿಂದ ಉಜ್ಜಿದಳು. ಅವಳ ಕೊರಳೇ ಕೇಳಿಸಿತು!

ಗಾಳಿರಾಯ ಕಮಾನನ್ನು ಕಸಿದು ಹೊಳೆಗೆ ಎಸೆದ. ಸುಯಿನ್ ಇನ್ನೊಂದು ಮಾಡಿದಳು. ಅದನ್ನೂ ಎಸೆದ. "ಮಾಡಮ್ಮ, ಮತ್ತೊಂದು ಮಾಡು. ನನಗೆ ಈ ಆಟ ಚೆನ್ನಾಗಿದೆ" ಎಂದು ನಕ್ಕ.

ಮತ್ತೊಂದು ಮಾಡಿದಳು. ಈ ಸಲ ಕೂದಲನ್ನು ಎರಡು ತಂತಿಗಳ ನಡುವೆ ತೂರಿಸಿ, ಆಮೇಲೆ ಕಮಾನಿನ ಕಡ್ಡಿಗೆ ಗಂಟು ಹಾಕಿದಳು.

ಗಾಳಿರಾಯ ಎಳೆದ. ಕಮಾನು ತಂತಿಗೆ ಉಜ್ಜಿತೇ ಹೊರತು ಕೈಗೆ ಬರಲಿಲ್ಲ. ಒಂದು ಸ್ವರ ಹೊರಟಿತು. ಆಚೆಗೆ ಎಳೆದ, ಇನ್ನೊಂದು ಸ್ವರ. ಸಿಟ್ಟಿನಿಂದ ಎಳೆದಷ್ಟೂ ಹಾಡು ಜೋರಾಯಿತು. ಸುಯಿನ್ ತಂತಿಯ ಮೇಲೆ ಬೆರಳಾಡಿಸುತ್ತಾ ಅಮ್ಮನ ಹಾಡನ್ನು ಅವನ ಕೈಯಿಂದಲೇ ನುಡಿಸಿಕೊಂಡಳು. ಕೊನೆಗೆ ಅವನು ಸುಸ್ತಾಗಿ ಬಿಟ್ಟಾಗ, ಕಡೆಯ ಸಾಲನ್ನು ತಾನೇ ಎಳೆದು ಮುಗಿಸಿದಳು.

ಲಿಯೆನ್ ಎದ್ದು ಮೇನೆ ಹತ್ತಿದಳು. ಹಕ್ಕಿಗಳು ಕೊಕ್ಕು ತೆರೆದವು. ಕಪ್ಪೆಗಳು ಕೆಸರಿನಿಂದ ಎದ್ದು ಒದರಿದವು.

ಅದೇ ಎರ್ಹು ಎಂಬ ವಾದ್ಯ. ಹಾಡುವವರ ಪಕ್ಕ ಕೂತು ಮನುಷ್ಯರ ಕೊರಳಿನಂತೆಯೇ ನುಡಿಯುತ್ತದೆ. ಹತ್ತು ವಾದ್ಯ ಕೂಡಿದಾಗ ರಾಗವನ್ನು ಮುಂದೆ ನಡೆಸುವುದೂ ಅದೇ. ಅದರ ಕಮಾನು ಇಂದಿಗೂ ತಂತಿಗಳ ನಡುವೆಯೇ ಇದೆ.

"ನಿನ್ನ ದನಿ ಹಿಂದಕ್ಕೆ ಕೊಡುತ್ತೇನೆ. ನನಗೂ ಅಂಥದೊಂದು ಮಾಡಿಕೊಡು" ಎಂದು ಅಂದು ಮೇನೆ ಹೊರಡುವ ಮೊದಲು ಗಾಳಿರಾಯ ಅಂಗಲಾಚಿದ.

ಸುಯಿನ್ ತಲೆ ಎತ್ತಿ ಅವನನ್ನು ನೋಡಿದಳು. ಬೇಡ ಎಂದು ತಲೆಯಾಡಿಸಿ, ಕಮಾನನ್ನು ಒಮ್ಮೆ ಉದ್ದಕ್ಕೆ ಎಳೆದಳು.

"ಕೇಳಿಸಿತಲ್ಲ, ಇದೇ ಈಗ ಅಮ್ಮನ ದನಿ" ಎಂದಳು ಮೇನೆಯೊಳಗಿಂದ ಲಿಯೆನ್. "ಬೇಕಾದರೆ ನೀನೇ ಮಾಡಿಕೋ ಹೋಗು!"

ಗಾಳಿರಾಯ ಮಾಡಿಕೊಳ್ಳಲು ಹೋದ. ಅವನಿಗೆ ಯಾರೂ ಪೊರೆ ಕೊಡಲಿಲ್ಲ, ಯಾರೂ ಕೂದಲು ಕೊಡಲಿಲ್ಲ. ಬಿದಿರಿಗೆ ಬಿದಿರನ್ನೇ ಉಜ್ಜಿ ನುಡಿಸಲು ನೋಡಿದ. ಅದಕ್ಕೇ ಮಗು, ಗಾಳಿ ಬೀಸಿದಾಗಲೆಲ್ಲ ಬಿದಿರು ಮೆಳೆಯಲ್ಲಿ ಗಳಕ್ಕೆ ಗಳ ಉಜ್ಜಿಕೊಂಡು ಬರೀ ಕಿರ್ರ್ ಕಿರ್ರ್ ಎನ್ನುತ್ತದೆ.