ಎದುರುಮನೆಯ ಬೈಕು

ಶಿಷ್ಯ ಕೇಳಿದ: "ಗುರುಗಳೇ, ನನ್ನ ಬೈಕು ಹಳೆಯದಾಯಿತು. ಚೆನ್ನಾಗಿಯೇ ಓಡುತ್ತದೆ, ನಡುದಾರಿಯಲ್ಲಿ ಎಂದೂ ಕೈಕೊಟ್ಟಿಲ್ಲ. ಆದರೂ ಅದನ್ನು ಕೊಟ್ಟು ಹೊಸದನ್ನು ತರಬೇಕೆಂದು ಮನಸ್ಸು ಎಳೆಯುತ್ತಿದೆ. ತರಲೇ, ಬೇಡವೇ?"

ಇಂಥ ಪ್ರಶ್ನೆಗೆ ಗುರುಗಳು ನಗಬಹುದೆಂದು ಅವನು ಅಂಜಿದ್ದ. ಗುರುಗಳು ನಗಲಿಲ್ಲ. ಕುಳಿತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಅವನಲ್ಲಿ ಒಂದು ಹಳೆಯ ಬೈಕಿತ್ತು. ಹೊಲಿದ ಬಟ್ಟೆಗಳನ್ನು ಪೇಟೆಯ ಅಂಗಡಿಗೆ ಮುಟ್ಟಿಸಲು ಅವನೂ ಅವನ ಹೆಂಡತಿಯೂ ಅದರ ಮೇಲೆಯೇ ಹೋಗುತ್ತಿದ್ದರು. ಅದರ ಸೀಟು ಉದ್ದವಾಗಿ, ಸಪಾಟಾಗಿತ್ತು. ಹೆಂಡತಿ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಇಳಿಬಿಟ್ಟು, ಗಂಡನ ಹೆಗಲು ಹಿಡಿದು ಕೂರುತ್ತಿದ್ದಳು. ಹೊಲಿಗೆ ಯಂತ್ರದ ಸದ್ದಿನಲ್ಲಿ ಮನೆಯೊಳಗೆ ಆಡಲಾಗದ ಮಾತನ್ನೆಲ್ಲ ಅವರು ಆ ದಾರಿಯಲ್ಲಿ ಆಡುತ್ತಿದ್ದರು.

ಎದುರುಮನೆಯಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಒಂದು ದಿನ ಅವನು ಹೊಸ ಬೈಕು ತಂದ.

ಅಂದಿನಿಂದ ದರ್ಜಿಯ ನೆಮ್ಮದಿ ಹೋಯಿತು. ವ್ಯಾಪಾರಿ ಒಂದು ಗುಂಡಿ ಒತ್ತಿದರೆ ಬೈಕು ಶುರುವಾಗುತ್ತಿತ್ತು. ದರ್ಜಿ ತನ್ನದನ್ನು ಒದೆಯಬೇಕಿತ್ತು. ಎದುರಿನ ಬೈಕಿನ ಸದ್ದು ಕೇಳಿದೊಡನೆ ಅವನ ಕೈಯಲ್ಲಿ ಕತ್ತರಿ ನಿಲ್ಲುತ್ತಿತ್ತು. "ಬೇಕಾದರೆ ಒಂದು ಸುತ್ತು ಓಡಿಸಿ ನೋಡಿ" ಎಂದು ವ್ಯಾಪಾರಿ ಕೀಲಿ ಚಾಚಿದಾಗ, ಭುಜ ನೋಯುತ್ತಿದೆ ಎಂದು ಸುಳ್ಳು ಹೇಳಿದ. ಯಾವುದೋ ಆಟೋ ತಾಗಿ ಆ ಬೈಕಿನ ಟ್ಯಾಂಕಿಗೆ ಗೀರು ಬಿದ್ದ ದಿನ ಒಂದು ರೊಟ್ಟಿ ಹೆಚ್ಚು ತಿಂದ. ಗೀರಿಗೆ ಬಣ್ಣ ಬಳಿಸಿಕೊಂಡು ವ್ಯಾಪಾರಿ ಮರಳಿ ಬಂದ ದಿನ ಅವನಿಗೆ ಊಟ ಸೇರಲಿಲ್ಲ.

ತನ್ನ ಬೈಕಿನಲ್ಲಿ ಈಗ ಅವನಿಗೆ ಬರೀ ಕುಂದುಗಳೇ ಕಾಣುತ್ತಿದ್ದವು.

"ನಮ್ಮ ಗಾಡಿಗೆ ಏನಾಗಿದೆ?" ಎಂದು ಹೆಂಡತಿ ಕೇಳಿದಳು.

"ನಿನಗೆ ಗೊತ್ತಾಗುವುದಿಲ್ಲ" ಎಂದ.

ಅವನು ಪೇಟೆಗೆ ಹೋಗಿ ಹಳೆಯದನ್ನು ಕೊಟ್ಟು, ವ್ಯಾಪಾರಿಯದಕ್ಕಿಂತ ಒಂದು ಕೈ ಮೇಲಾದದ್ದನ್ನೇ ತಂದ. ಎದುರುಮನೆಗೆ ಕಾಣುವಂತೆ ನಿಲ್ಲಿಸಿದ. ವ್ಯಾಪಾರಿ ಹೊರಗೆ ಬರುವವರೆಗೂ ಅದನ್ನು ಒರೆಸುತ್ತಲೇ ಇದ್ದ.

ಆ ಬೈಕಿನ ಹಿಂದಿನ ಸೀಟು ಎತ್ತರವಾಗಿತ್ತು, ಇಕ್ಕಟ್ಟಾಗಿತ್ತು. ಸೀರೆ ಉಟ್ಟವಳು ಗಂಟು ಹಿಡಿದು ಅದರ ಮೇಲೆ ಕೂರುವಂತಿರಲಿಲ್ಲ. ಹೆಂಡತಿ ಒಮ್ಮೆ ಹತ್ತಿದಳು. ಮೊದಲ ತಿರುವಿನಲ್ಲೇ ಜಾರಿದಳು. ಇಳಿದು ನಡೆದೇ ಮನೆಗೆ ಬಂದಳು. ಆಮೇಲೆ ಅವಳು ಗಂಟು ಹೊತ್ತು ಬಸ್ಸಿನಲ್ಲಿ ಹೋಗತೊಡಗಿದಳು. ಅವನು ಮೊದಲೇ ಪೇಟೆ ತಲುಪಿ, ಬಸ್ ನಿಲ್ದಾಣದಲ್ಲಿ ಅವಳಿಗಾಗಿ ಕಾಯುತ್ತಿದ್ದ. ಇಬ್ಬರ ನಡುವೆ ಮಾತು ಕಡಿಮೆಯಾಯಿತು. ಆದರೂ ಎದುರುಮನೆಯವನು ನೋಡುತ್ತಿದ್ದಾನೆ ಎಂಬುದೇ ಅವನಿಗೆ ಸಮಾಧಾನವಾಗಿತ್ತು.

ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಹೊರಗೆ ಯಾರೋ ಬೈಕು ಒದೆಯುತ್ತಿರುವ ಸದ್ದು ಕೇಳಿಸಿತು. ದರ್ಜಿ ಎದ್ದು ಬಂದು ನೋಡಿದ. ಎದುರುಮನೆಯ ಮುಂದೆ ನಿಂತಿದ್ದುದು ಅವನದೇ ಹಳೆಯ ಬೈಕು. ವ್ಯಾಪಾರಿಯ ಹೆಂಡತಿ ಬಳೆಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತಿದ್ದಳು.

"ಹೊಸದನ್ನು ಕೊಟ್ಟು ಇದನ್ನು ತಂದಿರಾ?" ಎಂದು ದರ್ಜಿ ಕೇಳಿದ.

"ನೀವಿಬ್ಬರೂ ಮಾತಾಡಿಕೊಂಡು ಹೋಗುವುದನ್ನು ನೋಡಿ ನೋಡಿ ಇವಳಿಗೆ ಆಸೆಯಾಗಿತ್ತು" ಎಂದ ವ್ಯಾಪಾರಿ. "ನನಗೂ ಹೊಟ್ಟೆಕಿಚ್ಚೇ ಅನ್ನಿ. ಹೊಸ ಗಾಡಿ ತಂದರೆ ನಾವೂ ಹಾಗೆ ಹೋಗಬಹುದು ಎಂದುಕೊಂಡಿದ್ದೆ. ಇವಳಿಗೆ ಅದರ ಮೇಲೆ ಕೂರಲು ಆಗಲೇ ಇಲ್ಲ. ನಿಮ್ಮ ಗಾಡಿ ಇನ್ನೂ ಅಂಗಡಿಯಲ್ಲೇ ಇದೆ ಎಂದು ತಿಳಿಯಿತು, ಹೋಗಿ ತಂದೆ."

ಅವರು ಹೊರಟರು. ಹೆಂಡತಿ ಮುಂದಕ್ಕೆ ಬಾಗಿ ಏನೋ ಹೇಳಿದಳು. ವ್ಯಾಪಾರಿ ನಕ್ಕ. ಅವರು ಮರೆಯಾದ ಮೇಲೂ ದರ್ಜಿ ಬಾಗಿಲಲ್ಲಿ ನಿಂತೇ ಇದ್ದ.

ಅಂದೇ ಅವನು ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಅಂಥದೇ ಹಳೆಯ ಬೈಕು ಇದೆಯೇ ಎಂದು ವಿಚಾರಿಸಿದ. ಎಲ್ಲಿಯೂ ಸಿಗಲಿಲ್ಲ. ನನ್ನದನ್ನು ನನಗೇ ಕೊಡಿ ಎಂದು ವ್ಯಾಪಾರಿಯನ್ನು ಕೇಳಲು ಬಾಯಿ ಬರಲಿಲ್ಲ.

"ನಮ್ಮಲ್ಲಿದ್ದಾಗ ಅದು ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ" ಎಂದು ಮರುದಿನ ಹೆಂಡತಿಗೆ ಹೇಳಿದ.

ಬಸ್ಸಿಗೆ ಹೊತ್ತಾಗಿತ್ತು. ಅವಳು ಗಂಟು ಎತ್ತಿಕೊಂಡು ಹೊರಟಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ನಾನು ಹಳೆಯದನ್ನೇ ಇಟ್ಟುಕೊಳ್ಳಬೇಕು ಎನ್ನುತ್ತೀರಾ?" ಎಂದು ಕೇಳಿದ.

ಗುರುಗಳು ಹೇಳಿದರು: "ಅದಿರಲಿ, ನೀನು ಕೊಳ್ಳಬೇಕೆಂದಿರುವ ಬೈಕು ಈಗ ಯಾರ ಮನೆಯ ಮುಂದೆ ನಿಂತಿದೆ?"