ದ್ಯಾಮವ್ವನ ಮನೆಗೆ ನೀರು

ಮಳೆ ಕೈಕೊಟ್ಟು ಅದು ಎರಡನೇ ವರ್ಷ. ಗುಡ್ಡದ ಮೇಲಿನ ದ್ಯಾಮವ್ವ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಗಂಡ ಮೇವು ಹುಡುಕುತ್ತಾ ದನ ಹೊಡೆದುಕೊಂಡು ದೂರ ಹೋಗಿದ್ದ. ಮನೆಯಲ್ಲಿ ಉಳಿದವಳು ಪುಟ್ಟ ಮಗಳು ನೀಲಿ ಒಬ್ಬಳೇ.

"ಆ ಮನೆಗೆ ಕುಡಿಯೋ ನೀರು ನೀನು ಹೊರು," ಎಂದು ಮಠದ ಅಡವಯ್ಯಜ್ಜ ತನ್ನ ಶಿಷ್ಯ ಕೊಟ್ರಯ್ಯನಿಗೆ ಹೇಳಿದ.

ಕೊಟ್ರಯ್ಯ ದಿನಾ ಬೆಳಿಗ್ಗೆ ಹಳ್ಳಕ್ಕೆ ಇಳಿಯುತ್ತಿದ್ದ. ಮರಳು ತೋಡಿ, ಒಸರಿದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆಮೊಗೆದು ಎರಡು ಕೊಡ ತುಂಬಿಸಿ, ಅಡ್ಡೆಯ ಎರಡೂ ತುದಿಗೆ ತೂಗುಹಾಕಿ ಹೊತ್ತು ಗುಡ್ಡ ಹತ್ತುತ್ತಿದ್ದ.

ತಿಂಗಳು ಕಳೆದ ಮೇಲೆ ಬಂದು ಗುರುವಿನ ಮುಂದೆ ಕುಳಿತ.

"ಅಜ್ಜಾ, ಆ ಮನೆಗೆ ಬೇರೆ ಯಾರನ್ನಾದರೂ ಕಳಿಸಿ."

"ಹೆಗಲು ನೋಯುತ್ತದೋ?"

"ಹೆಗಲಲ್ಲ. ಜಪಕ್ಕೆ ಕೂತರೆ ಮನಸ್ಸು ನಿಲ್ಲುತ್ತಿಲ್ಲ."

ಮರುದಿನ ಅಜ್ಜ ಕೋಲೂರಿಕೊಂಡು ಅವನ ಜೊತೆಗೇ ಹೊರಟ.

ಅಂಗಳದಲ್ಲಿ ನೀಲಿ ಕಾಯುತ್ತಿದ್ದಳು. "ಅವ್ವಾ, ಕಾಕಾ ಬಂದ!" ಎಂದು ಕೂಗಿ ಬೊಗಸೆ ಒಡ್ಡಿದಳು. ಗಟಗಟ ಕುಡಿದಳು. ಮೊಣಕೈಗೆ ಇಳಿದ ಹನಿಯನ್ನೂ ಬಿಡದೆ ನೆಕ್ಕಿದಳು.

ಕೊಟ್ರಯ್ಯ ಮುಖ ತಿರುಗಿಸಿದ. ಅಜ್ಜ ಅದನ್ನು ನೋಡಿದ.

ಇಳಿಯುವಾಗ ಅರ್ಧ ದಾರಿಯಲ್ಲಿ ಕೇಳಿದ, "ನಿನ್ನ ಮಗಳ ಹೆಸರೇನು?"

ಕೊಟ್ರಯ್ಯನ ಕಾಲು ನಿಂತಿತು. ಸಂಸಾರ ತೊರೆದು ಮನೆ ಬಿಟ್ಟ ಮೇಲೆ ಆ ಹೆಸರು ಅವನ ಬಾಯಿಗೆ ಬಂದಿರಲಿಲ್ಲ.

"ಹಂಪಮ್ಮ," ಎಂದ.

"ವಯಸ್ಸೆಷ್ಟು?"

"ಬಿಟ್ಟು ಬರುವಾಗ ನಾಲ್ಕು."

"ನಾನು ಕೇಳಿದ್ದು ಈಗಿನದು."

ಕೊಟ್ರಯ್ಯ ಬೆರಳು ಮಡಚಿ ಎಣಿಸಿದ. ಎಣಿಸುತ್ತಾ ಕಣ್ಣು ತುಂಬಿ ಬಂತು. "ಹನ್ನೊಂದು, ಅಜ್ಜಾ."

"ನಿಮ್ಮೂರಲ್ಲಿ ನೀರಿದೆಯೋ?"

"ಅಲ್ಲೂ ಮಳೆಯಿಲ್ಲವಂತೆ."

"ಹೊರುವವರು ಯಾರು?"

ಅವನಿಗೆ ಉತ್ತರ ಗೊತ್ತಿತ್ತು. ಹೆಂಡತಿಗೆ ಮೊದಲಿನಿಂದಲೂ ಉಬ್ಬಸ. ಕೊಡ ಹೊತ್ತು ಏರು ಹತ್ತುವುದು ಅವಳಿಂದಾಗದು.

ಅಜ್ಜ ಮುಂದೆ ಬಂದು ಅವನ ಹೆಗಲಿನಿಂದ ಅಡ್ಡೆ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಖಾಲಿ ಕೊಡಗಳ ಭಾರಕ್ಕೇ ಆ ಮುದಿ ದೇಹ ಒಂದಿಷ್ಟು ವಾಲಿತು.

"ನಾಳೆಯಿಂದ ದ್ಯಾಮವ್ವನ ಮನೆಗೆ ನಾನು ಹೊರುತ್ತೇನೆ."

"ಈ ವಯಸ್ಸಿನಲ್ಲಾ, ಅಜ್ಜಾ?"

"ಒಂದೊಂದೇ ಕೊಡ ತರುತ್ತೇನೆ. ನಿನ್ನೂರಿಗೆ ಎಷ್ಟು ದಿನದ ದಾರಿ?"

"ಮೂರು."

"ಹಾಗಾದರೆ ಇವತ್ತೇ ಹೊರಡು."

ಕೊಟ್ರಯ್ಯ ಗುರುವಿನ ಕಾಲು ಹಿಡಿದುಕೊಂಡ. ಏಳು ವರ್ಷ ಅದುಮಿಟ್ಟಿದ್ದು ಒಮ್ಮೆಲೇ ಉಕ್ಕಿ, ಮಗುವಿನಂತೆ ಅತ್ತ. ಅಜ್ಜ ತಡೆಯಲಿಲ್ಲ.

ಕೊನೆಗೆ ಕೊಟ್ರಯ್ಯ ಎದ್ದು ಕಣ್ಣೊರೆಸಿಕೊಂಡ. ಎರಡು ಹೆಜ್ಜೆ ಇಟ್ಟು ಮತ್ತೆ ತಿರುಗಿದ.

"ಯಾವ ಮುಖ ಇಟ್ಟುಕೊಂಡು ಹೋಗಲಿ, ಅಜ್ಜಾ? ಬಾಗಿಲಲ್ಲಿ ನಿಂತು ಏನು ಹೇಳಲಿ?"

"ಏನೂ ಹೇಳಬೇಡ. ಕೊಡ ಎಲ್ಲಿದೆ ಅಂತ ಕೇಳು."