ತುರ್ಕಿ ಕಾರಂಜಿಯ ಕೈ

ಆ ಕೋಟೆ ಊರಿನ ನಡುಚೌಕದಲ್ಲಿ ಒಂದು ತುರ್ಕಿ ಕಾರಂಜಿ. ತುರ್ಕರ ನಾಡಿನಿಂದ ಬಂದ ಕಲ್ಲುಕುಟಿಗರು ಕಟ್ಟಿದ್ದು. ಮೇಲೆ ಸೀಸದ ಗುಮ್ಮಟ, ಸುತ್ತ ಕಂಚಿನ ಜಾಲರಿ. ಒಳಗೆ ಕುಳಿತವನು ಬಟ್ಟಲಿಗೆ ನೀರು ಹಿಡಿದು ಜಾಲರಿಯ ಕಿಂಡಿಯಿಂದ ಕೈ ಚಾಚಬೇಕು, ಹೊರಗೆ ನಿಂತವರು ಕುಡಿಯಬೇಕು. ಪದ್ಧತಿ ಅಷ್ಟೇ.

ಯಾರು ದಾರಿ ಕೇಳಲಿ, ಊರವರ ಬಾಯಲ್ಲಿ ಮೊದಲು ಬರುವುದು ಅದೇ. "ಕಾರಂಜಿ ದಾಟಿ ಎಡಕ್ಕ ಹೊಳ್ಳ್ರಿ."

ಒಂಬತ್ತು ವರ್ಷದಿಂದ ಒಳಗೆ ಕುಳಿತು ನೀರು ಕೊಡುತ್ತಿದ್ದವನು ದಸ್ತಗೀರ, ನೂರಪೀರ ಅಜ್ಜನ ಶಿಷ್ಯ. ದಸ್ತಗೀರ ಅಂದರೆ ಕೈ ಹಿಡಿಯುವವನು ಅಂತ ಅರ್ಥ. ಹೆಸರೇನೋ ದೊಡ್ಡದೇ. ಆ ಹೆಸರು ಹಿಡಿದು ಕರೆಯುವವರು ಅಜ್ಜನ ಹೊರತು ಯಾರೂ ಇರಲಿಲ್ಲ.

ಒಂದು ದಿನ ಗಂಟು ಕಟ್ಟಿಕೊಂಡು ಗುರುವಿನ ಮುಂದೆ ನಿಂತ.

"ಹೊಂಟೀನ್ರಿ ಅಜ್ಜಾರ."

"ಯಾಕಪಾ?"

"ಊರಿಗೆ ಊರೇ ಕಾರಂಜಿ ಗುರ್ತ ಹಿಡಿತೈತಿ. ನನ್ನ ಯಾರೂ ಹಿಡಿಯೂದಿಲ್ಲ. ಹೋದ ತಿಂಗಳ ಜ್ವರ ಬಂದು ಮೂರು ದಿನ ಮಲಗಿದ್ದೆ, ನೀವ ನೀರು ಕೊಟ್ರಿ. 'ಅಂವ ಎಲ್ಲಿ' ಅಂತ ಒಬ್ಬರರ ಕೇಳಿದ್ರೇನು?"

"ಇಲ್ಲ," ಅಂದ ಅಜ್ಜ. ಸಮಾಧಾನಕ್ಕೆ ಸುಳ್ಳು ಹೇಳುವ ಪೈಕಿ ಅಲ್ಲ ಆತ.

"ಒಬ್ಬನ ಇದ್ದು ಇದ್ದು ಸಾಕಾಗೇತ್ರಿ."

"ಆತು, ಹೋಗು. ಅದಕ್ಕೂ ಮೊದಲ ಕೋಟಿ ಒಂದು ಸುತ್ತು ಹಾಕಿ ಬಾ."

ಬಿಸಿಲು ನೆತ್ತಿ ಸುಡುತ್ತಿತ್ತು. ಕೋಟೆ ಸುತ್ತಿ ಕಾರಂಜಿಯ ಬಳಿ ಬರುವಷ್ಟರಲ್ಲಿ ದಸ್ತಗೀರನ ನಾಲಿಗೆ ಒಣಗಿತ್ತು. ಕಿಂಡಿಯಿಂದ ಒಂದು ಕೈ ಬಂತು. ಬಟ್ಟಲು ಇಸಕೊಂಡು ಗಟಗಟ ಕುಡಿದ. ಇನ್ನೊಂದು ಬಂತು, ಅದನ್ನೂ ಕುಡಿದ. ಬಾಯಿ ಒರೆಸಿಕೊಂಡು ಹೊರಟ.

"ಕೈ ಯಾರದಂತ ನೋಡಿದ್ಯಾ?" ಒಳಗಿನಿಂದ ದನಿ ಬಂತು.

ತಿರುಗಿ ನೋಡಿದ. ಕಿಂಡಿಯಲ್ಲಿ ಚಾಚಿದ್ದ ಆ ಕೈಗೆ ಕಿರುಬೆರಳಿರಲಿಲ್ಲ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಅವನು ಮುತ್ತಿಟ್ಟ ಗುರುವಿನ ಕೈ ಅದು.

ದಸ್ತಗೀರನಿಗೆ ನಾಚಿಕೆಯಾಯಿತು.

"ಇಲ್ರಿ ಅಜ್ಜಾರ. ಬಾಯಾರಿತ್ತು."

"ನೀರು ಹೆಂಗಿತ್ತು?"

"ತಣ್ಣಗಿತ್ರಿ."

ಅಜ್ಜ ಜಾಲರಿಯ ಹತ್ತಿರ ಸರಿದು ಕುಳಿತ.

"ನಿನಗಿಂತ ಮೊದಲ ಮೂವತ್ತು ವರ್ಷ ನಾನ ಇಲ್ಲಿ ಕುಂತಿದ್ದೆ. ತಣ್ಣಗೈತಿ ಅನ್ನೂ ಮಾತು ನನ್ನ ಕಿವಿಗೆ ಬಿದ್ದದ್ದು ಇವತ್ತ ಮೊದಲ."

ದಸ್ತಗೀರ ಗಂಟು ಕೆಳಗಿಟ್ಟ. ಕಿಂಡಿಯ ಹತ್ತಿರ ಹೋಗಿ ಎರಡೂ ಕೈಯಿಂದ ಆ ಮುದಿ ಕೈ ಹಿಡಿದುಕೊಂಡ. ಎಷ್ಟು ಹೊತ್ತಾದರೂ ಬಿಡಲಿಲ್ಲ.

"ಕೈ ಬಿಡೋ ದಸ್ತಗೀರ," ಅಂದ ಅಜ್ಜ. "ನಿನ್ನ ಹಿಂದ ಮಂದಿ ಬಾಯಾರಿ ನಿಂತಾರ."